ಪಹಣಿಯ ಮುತ್ತಜ್ಜ ಮತ್ತು ವೀಸಾದ 6 ತಿಂಗಳು

ಮಗಳು ಹೊರಟು ಒಂದು ತಿಂಗಳಾಯಿತು. ಕಣದಲ್ಲಿ ರೋಬಸ್ಟಾ ಕಾಫಿ ಒಣಗುತ್ತಿದೆ. ಬೆಳಿಗ್ಗೆ ಹರಡುವುದು, ಮಧ್ಯಾಹ್ನ ಕೆದಕುವುದು, ಸಂಜೆ ರಾಶಿ ಮಾಡಿ ಟಾರ್ಪಾಲು ಹೊದಿಸುವುದು. ಈ ಕೆಲಸದಲ್ಲಿ ಕೈಗಷ್ಟೇ ದುಡಿಮೆ, ತಲೆ ಖಾಲಿ. ಖಾಲಿ ತಲೆಯೊಳಗೆ ಲೆಕ್ಕ ತಿರುಗುತ್ತಿರುತ್ತದೆ. ಅದನ್ನು ಒಮ್ಮೆ ಬರೆದುಬಿಡೋಣ ಎಂದು ಕುಳಿತಿದ್ದೇನೆ.

ಅವಳು ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಿ ಪದವಿ ಮುಗಿಸಿದವಳು. ಮುಂದಿನ ಓದಿಗೆ ವೇಲ್ಸ್‌ನಲ್ಲಿ ಒಂದು ವರ್ಷದ ಎಂ.ಎಸ್ಸಿ. ಸೀಟು ಸಿಕ್ಕಿತ್ತು. ಆಸ್ಟ್ರೇಲಿಯಾವನ್ನೂ ನೋಡಿದ್ದೆವು. 2025ರ ಜುಲೈಯಿಂದ ಅಲ್ಲಿನ ವಿದ್ಯಾರ್ಥಿ ವೀಸಾದ ಅರ್ಜಿ ಶುಲ್ಕವೇ 2,000 ಡಾಲರ್, ವೀಸಾ ಸಿಗದಿದ್ದರೂ ಹಣ ವಾಪಸಿಲ್ಲ ಎಂದು ತಿಳಿದಾಗ ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸೇನೆಯಿಂದ ನಿವೃತ್ತರಾದ ಅವರು ಚರ್ಚೆ ಮುಗಿಸುವುದೇ ಹಾಗೆ.

ವೇಲ್ಸ್‌ಗೆ ಅವಳು 2025ರ ಸೆಪ್ಟೆಂಬರಿನಲ್ಲೇ ಹೋಗಬೇಕಿತ್ತು. ಹೋಗದಂತೆ ತಡೆದವರು ಯಜಮಾನರ ಮುತ್ತಜ್ಜ. ಅವರು ತೀರಿಕೊಂಡು ಎಷ್ಟೋ ಕಾಲವಾಗಿದೆ, ಆದರೆ ಪಹಣಿಯಲ್ಲಿ ಮಾತ್ರ ಇಂದಿಗೂ ಪಟ್ಟೆದಾರರು, ಅಂದರೆ ಜಮೀನು ಅವರ ಹೆಸರಿನಲ್ಲೇ ಇದೆ. ನಮ್ಮದು ಜಮ್ಮಾ ಜಮೀನು, ಕೊಡಗಿನಲ್ಲಿ ತಲೆಮಾರುಗಳಿಂದ ಮನೆತನಕ್ಕೆ ಬಂದ ಹಿಡುವಳಿ. ಪಾಲಿಗೆ ಬಂದ 7 ಎಕರೆಯಲ್ಲಿ ಗಿಡ ನೆಟ್ಟವರು ನಾವು, ಕಪಾತು ಮಾಡಿಸುವವರು ನಾವು, ಆನೆ ಮುರಿದ ಬೇಲಿ ಕಟ್ಟುವವರೂ ನಾವೇ. ಕಾಗದದಲ್ಲಿ ಮಾತ್ರ ಅದು ಇಡೀ ಒಕ್ಕದ್ದು, ಅಂದರೆ ಮನೆತನದ್ದು. ವಿದ್ಯಾಭ್ಯಾಸ ಸಾಲ 7.5 ಲಕ್ಷ ರೂಪಾಯಿ ದಾಟಿದರೆ ಬ್ಯಾಂಕು ಆಸ್ತಿಯ ಅಡಮಾನ ಕೇಳುತ್ತದೆ. ನಾವು ಹೋದ ಬ್ಯಾಂಕಿನ ವಕೀಲರು ವಂಶವೃಕ್ಷ ಕೇಳಿದರು, ಋಣಭಾರ ಪತ್ರ ಕೇಳಿದರು, ಕೊನೆಗೆ ಪಾಲುದಾರರೆಲ್ಲರ ಒಪ್ಪಿಗೆಯ ಸಹಿ ಕೇಳಿದರು. ಎಲ್ಲರೂ ಎಂದರೆ 23 ಜನ. ಒಬ್ಬರು ದೆಹಲಿಯಲ್ಲಿ, ಇಬ್ಬರು ಬೆಂಗಳೂರಿನಲ್ಲಿ. ಇನ್ನೊಬ್ಬರು ಪಕ್ಕದ ತೋಟದಲ್ಲೇ ಇದ್ದಾರೆ, ಬೇಲಿಯ ವಿಷಯಕ್ಕೆ ನಮ್ಮೊಡನೆ ಮಾತು ಬಿಟ್ಟು 9 ವರ್ಷವಾಯಿತು. ದೆಹಲಿಯ ಸಹಿ ಬೇಗ ಬಂತು.

ಕೊನೆಗೆ ಜಮ್ಮಾ ಸಹವಾಸವನ್ನೇ ಬಿಟ್ಟು, ನನ್ನ ತವರಿನವರು ಕೊಟ್ಟಿದ್ದ ಗೋಣಿಕೊಪ್ಪಲಿನ ನಿವೇಶನವನ್ನು ಅಡವಿಟ್ಟೆವು. ಅಷ್ಟು ಹೊತ್ತಿಗೆ ಆಗಸ್ಟ್ ಮುಗಿಯುತ್ತ ಬಂದಿತ್ತು. ವಿಶ್ವವಿದ್ಯಾಲಯದವರು ಒಳ್ಳೆಯವರು, ಸೀಟನ್ನು ಜನವರಿಗೆ ಮುಂದೂಡಿದರು. ನಾಲ್ಕು ತಿಂಗಳು ತಾನೇ, ಕೊಯ್ಲಿಗೆ ಮನೆಯಲ್ಲಿ ಒಬ್ಬಳು ಹೆಚ್ಚಾದಳು ಎಂದು ನಾನು ಸಂತೋಷವನ್ನೇ ಪಟ್ಟೆ.

ಅಕ್ಟೋಬರ್ ಮಧ್ಯದಲ್ಲಿ ಬ್ರಿಟನ್ನಿನ ಹೊಸ ನಿಯಮ ಹೊರಬಿತ್ತು. ಅಲ್ಲಿ ಓದು ಮುಗಿಸಿದವರು ‘ಗ್ರ್ಯಾಜುಯೇಟ್ ವೀಸಾ’ ಪಡೆದು 2 ವರ್ಷ ಯಾವ ಕೆಲಸವನ್ನಾದರೂ ಮಾಡಬಹುದಿತ್ತು. ಅದನ್ನು 18 ತಿಂಗಳಿಗೆ ಇಳಿಸುವ ಮಾತು ಮೇ ತಿಂಗಳಿನಿಂದಲೇ ಇತ್ತು, ಈಗ ದಿನಾಂಕವೂ ಗೊತ್ತಾಯಿತು. 2026ರ ಡಿಸೆಂಬರ್ 31ರೊಳಗೆ ಆ ವೀಸಾಕ್ಕೆ ಅರ್ಜಿ ಹಾಕಿದವರಿಗೆ 2 ವರ್ಷ, 2027ರ ಜನವರಿ 1ರಿಂದ ಹಾಕುವವರಿಗೆ 18 ತಿಂಗಳು. ಪಿಎಚ್.ಡಿ. ಮಾಡಿದವರಿಗೆ ಮಾತ್ರ ಮೊದಲಿನಂತೆ 3 ವರ್ಷ. ಸೆಪ್ಟೆಂಬರಿನಲ್ಲಿ ಹೋದ ಇವಳ ಗೆಳತಿ 2026 ಮುಗಿಯುವ ಮೊದಲೇ ಫಲಿತಾಂಶ ಹಿಡಿದು ಅರ್ಜಿ ಹಾಕಬಹುದು. ಇವಳ ಓದು ಮುಗಿಯುವುದೇ 2027ರ ಜನವರಿಯಲ್ಲಿ. ಮುತ್ತಜ್ಜ ನುಂಗಿದ್ದು ನಾಲ್ಕು ತಿಂಗಳಲ್ಲ, ಅದರ ಮೇಲೆ ಇನ್ನೂ ಆರು.

ನವೆಂಬರಿನ ಕಥೆ ಬೇರೆ. ಅಲ್ಲಿ ಬದುಕುವಷ್ಟು ಹಣ ನಮ್ಮಲ್ಲಿದೆ ಎಂದು ತೋರಿಸಬೇಕು. ಲಂಡನ್ನಿನ ಹೊರಗೆ ಓದುವವರಿಗೆ ತಿಂಗಳಿಗೆ 1,136 ಪೌಂಡಿನಂತೆ 9 ತಿಂಗಳ ಮೊತ್ತ ಎಂದು ಲೆಕ್ಕ ಹಾಕಿ, ಕಾಳುಮೆಣಸು ಮಾರಿದ ಹಣವನ್ನೂ ಸೇರಿಸಿ ನನ್ನ ಖಾತೆಯಲ್ಲಿ ಇಟ್ಟಿದ್ದೆ. ನವೆಂಬರ್ 11ರಿಂದ ಅದು 1,171 ಆಗಿದೆ ಎಂದು ಮಗಳು ಓದಿ ಹೇಳಿದಳು. ಒಟ್ಟು 10,539 ಪೌಂಡ್, 12 ಲಕ್ಷ ರೂಪಾಯಿಗೂ ಮೇಲೆ. ಕಡಿಮೆ ಬಿದ್ದದ್ದು 315 ಪೌಂಡ್, ಸುಮಾರು 37 ಸಾವಿರ ರೂಪಾಯಿ. ದೊಡ್ಡ ಮೊತ್ತವೇನಲ್ಲ. ಆದರೆ ಪೂರ್ತಿ ಹಣ ಸತತ 28 ದಿನ ಖಾತೆಯಲ್ಲಿ ಕದಲದೆ ಇರಬೇಕು, ಒಂದು ದಿನ ಒಂದು ರೂಪಾಯಿ ಇಳಿದರೂ ಅರ್ಜಿ ತಿರಸ್ಕಾರವಾಗಬಹುದು. ಉಳಿದ ಹಣ ಹಾಕಿ ದಿನವನ್ನು ಮತ್ತೆ ಒಂದರಿಂದ ಎಣಿಸಲು ಶುರು ಮಾಡಿದೆ.

ತೋಟ ಇಟ್ಟುಕೊಂಡವರಿಗೆ ಆ 28 ದಿನವೆಂದರೆ ಏನೆಂದು ಗೊತ್ತು. ವಾರದ ಬಟವಾಡೆ ನಿಲ್ಲುವುದಿಲ್ಲ. ಕೆಲಸದವರು ಇರುವ ಲೈನ್ ಮನೆಯಲ್ಲಿ ಒಬ್ಬಳಿಗೆ ಜ್ವರ ಬಂತು. ನಡುವೆ ಪುತ್ತರಿ, ನಮ್ಮ ಸುಗ್ಗಿಯ ಹಬ್ಬ. ಕದಿರು ತೆಗೆದು ಮನೆಗೆ ತಂದ ರಾತ್ರಿ ಎಲ್ಲರೂ ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತಿದ್ದರೆ, ನಾನು ಪೊಲಿ, ಅಂದರೆ ಸಮೃದ್ಧಿ, ಬರದಿದ್ದರೂ ಇರಲಿ, ಇದ್ದದ್ದು ಹೋಗದಿರಲಿ ಎಂದುಕೊಂಡೆ. ಮನೆಯ ಖರ್ಚೆಲ್ಲ ಯಜಮಾನರ ಪಿಂಚಣಿಯ ಮೇಲೆ ಬಿತ್ತು. ಲಕ್ಷಗಟ್ಟಲೆ ಹಣ ಖಾತೆಯಲ್ಲಿಟ್ಟುಕೊಂಡು ಮೀನಿನವನಿಗೆ ಸಾಲ ಹೇಳಿದ್ದು ಜೀವನದಲ್ಲಿ ಅದೇ ಮೊದಲು.

ಉಳಿದದ್ದನ್ನು ಬೇಗ ಹೇಳುತ್ತೇನೆ. ಕ್ಷಯದ ತಪಾಸಣೆಗೆ ಬೆಂಗಳೂರು, ಎದೆಯ ಎಕ್ಸ್‌ರೇ. ಆರೋಗ್ಯ ಶುಲ್ಕ 1,164 ಪೌಂಡ್, ವೀಸಾ ಶುಲ್ಕ 524 ಪೌಂಡ್. ತಾಯಿಯ ಹಣ ತೋರಿಸಲು ಜನನ ಪ್ರಮಾಣಪತ್ರ ಬೇಕು. ಅದರಲ್ಲಿ ನನ್ನ ಹೆಸರು ಒಂದು ರೀತಿ, ಬ್ಯಾಂಕಿನಲ್ಲಿ ಇನ್ನೊಂದು ರೀತಿ. ವಿರಾಜಪೇಟೆಯ ನೋಟರಿಯ ಮುಂದೆ ನಾನು ನಾನೇ ಎಂದು ಪ್ರಮಾಣ ಮಾಡಿ ಬಂದೆ.

ಅದೇ ವಾರ ಲೈನ್ ಮನೆಯವರ ಆಧಾರ್ ಪ್ರತಿಗಳನ್ನೂ ಪೊಲೀಸ್ ಠಾಣೆಗೆ ಕೊಡಬೇಕಿತ್ತು. ನಮ್ಮಲ್ಲಿ ಕೊಯ್ಲಿಗೆ ಬರುವವರು ಅಸ್ಸಾಮಿನವರು. ಜೆರಾಕ್ಸ್ ಅಂಗಡಿಯಲ್ಲಿ ಒಂದು ಕಡತದಲ್ಲಿ ಅವರ ಗುರುತು, ಇನ್ನೊಂದರಲ್ಲಿ ನನ್ನ ಮಗಳದ್ದು. ಅಂಗಡಿಯ ಹುಡುಗ ಎರಡನ್ನೂ ಬೆರೆಸಿ ಕೊಟ್ಟ. ಮನೆಗೆ ಬಂದು ಬೇರ್ಪಡಿಸುವಾಗ ಮೇಸ್ತ್ರಿ ಬಾಗಿಲಲ್ಲಿ ನಿಂತು, “ಚಿಕ್ಕಮ್ಮನಿಗೆ ಅಲ್ಲಿ ಎಷ್ಟು ದಿನ ಇರಲು ಬಿಡುತ್ತಾರೆ?” ಎಂದು ಕೇಳಿದ. ಹೇಳಿದೆ. “ನಮ್ಮನ್ನು ಬಿಹುವಿನ ತನಕ ಇರಲು ಬಿಟ್ಟರೆ ಸಾಕು” ಎಂದ. ಅದು ತಮಾಷೆಯೋ ಅಲ್ಲವೋ ನನಗೆ ತಿಳಿಯಲಿಲ್ಲ.

ಬೆಂಗಳೂರಿನ ನನ್ನ ತಂಗಿಗೆ ನಮ್ಮದೇನೂ ದೊಡ್ಡದಲ್ಲ. ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರು ಅಲ್ಲಿ ಕೆಲಸ ಮಾಡಲು ಬೇಕಾದ ಎಚ್-1ಬಿ ವೀಸಾದ ಹೊಸ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಎಂದಾಗ, ಅಲ್ಲಿಗೆ ಹೊರಡಬೇಕಿದ್ದ ಅವಳ ಮಗನ ಕಂಪನಿ ಆ ಮಾತನ್ನೇ ಬಿಟ್ಟಿತು.

ಈಗ ಕಣದ ಲೆಕ್ಕ. ಓದು ಮುಗಿದು ಒಂದು ವರ್ಷದ ಮೇಲೆ, ಅಂದರೆ 2028ರ ಆರಂಭದಲ್ಲಿ ಸಾಲದ ಕಂತು ಶುರುವಾಗುತ್ತದೆ. ಅವಳ 18 ತಿಂಗಳು ಅದೇ ವರ್ಷದ ಮಳೆಗಾಲದಲ್ಲಿ ಮುಗಿಯುತ್ತದೆ. ಪೌಂಡಿನಲ್ಲಿ ಕಂತು ಕಟ್ಟಲು ಸಿಗುವುದು ಏಳೆಂಟು ತಿಂಗಳು. ಆಮೇಲೂ ಅಲ್ಲೇ ಇರಬೇಕಾದರೆ ಕಂಪನಿಯೊಂದು ವೀಸಾ ಕೊಡಿಸಬೇಕು. ಅದಕ್ಕೆ ವರ್ಷಕ್ಕೆ ಕನಿಷ್ಠ 41,700 ಪೌಂಡ್ ಸಂಬಳ, ಹೊಸದಾಗಿ ಓದು ಮುಗಿಸಿದವರಿಗೆ ರಿಯಾಯಿತಿ ಎಂದರೂ 33,400. ಮರದ ಓದು ಓದಿದ ಹುಡುಗಿಗೆ ಅಷ್ಟು ಕೊಡುವವರು ಯಾರು ಎಂದು ಕೇಳಿದರೆ, “ಅವ್ವ, ಮೊದಲು ಒಂದು ಪರೀಕ್ಷೆ ಬರೆಯಲು ಬಿಡಿ” ಎನ್ನುತ್ತಾಳೆ.

ಬರಲಿ, ವಾಪಸು ಬರುವುದರಲ್ಲಿ ನನಗೆ ಅವಮಾನವಿಲ್ಲ. ಸಾಲ ಮಾತ್ರ ಅವಳ ಜೊತೆಯೇ ಬರುತ್ತದೆ. ಅದಕ್ಕೆ ಈ ಸಲದ ಚೆರಿಯಲ್ಲಿ, ಅಂದರೆ ಸಿಪ್ಪೆಸಹಿತ ಒಣಗಿಸಿದ ಕಾಫಿಯಲ್ಲಿ, 20 ಚೀಲ ಬೇರೆ ಹೊಲಿಸಿ, ಮೇಲೆ ಅವಳ ಹೆಸರು ಬರೆದು ಒಳಕೋಣೆಯಲ್ಲಿ ಇಡಿಸಿದ್ದೇನೆ. ವ್ಯಾಪಾರಿ ಎರಡು ಸಲ ಕೇಳಿ ಹೋದ.

ನಿನ್ನೆ ರಾತ್ರಿ ಫೋನಿನಲ್ಲಿ ನಗುತ್ತಿದ್ದಳು. ನಮ್ಮಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಪಾಸ್‌ಪೋರ್ಟಿನಲ್ಲೂ ಹಾಗೆಯೇ ಇದೆ. ಹಾಗಾಗಿ ಅಲ್ಲಿನ ಮೇಷ್ಟ್ರು ಅವಳನ್ನು ಮನೆತನದ ಹೆಸರು ಹಿಡಿದೇ ಕರೆಯುತ್ತಾರಂತೆ. ದಿನಾ ಬೆಳಿಗ್ಗೆ ಆ ಚಳಿಯಲ್ಲಿ ಯಾರೋ ಮುತ್ತಜ್ಜನ ಹಾಜರಿ ತೆಗೆದುಕೊಂಡ ಹಾಗಾಗುತ್ತದೆ ಎಂದಳು.