ಗಲಿಲಾಯದ ದಡದಲ್ಲಿ

ತಂಗಿ ತೀರಿಕೊಂಡು ಹತ್ತು ತಿಂಗಳಾಗಿತ್ತು. ಕೊನೆಯ ರಾತ್ರಿ ಆಸ್ಪತ್ರೆಯಲ್ಲಿ ನಾನಿರಲಿಲ್ಲ. ಸುಸ್ತಾಗಿ ಮನೆಗೆ ಬಂದು ಮಲಗಿಬಿಟ್ಟಿದ್ದೆ. ಆಮೇಲೆ ಚರ್ಚಿಗೆ ಹೋದರೂ ಸುಮ್ನೆ ಕೂತು ಬರುತ್ತಿದ್ದೆ. ಪ್ರಾರ್ಥನೆ ಬಾಯಿಗೇ ಬರುತ್ತಿರಲಿಲ್ಲ. ಸಭೆಯವರ ಜೊತೆ ಪವಿತ್ರ ನಾಡಿನ ಯಾತ್ರೆಗೆ ಹೊರಟಿದ್ದು ಅಮ್ಮನಿಗೆ ಜೊತೆಯಾಗಲಿ ಅಂತ ಅಷ್ಟೇ.

ಜೆರೂಸಲೇಮಿನಲ್ಲಿ ನೋಡಿದ್ದು ಬಹಳ. ಆ ಜನಜಂಗುಳಿಯಲ್ಲಿ ಯಾವುದೂ ಮನಸ್ಸಿಗೆ ಇಳಿಯಲಿಲ್ಲ.

ಗಲಿಲಾಯಕ್ಕೆ ಸಮುದ್ರ ಅಂತ ಹೆಸರು, ಆದರೆ ಅದು ಸಿಹಿನೀರಿನ ಸರೋವರ. ದಡದ ಗಿನೋಸಾರ್‌ನ ಮ್ಯೂಸಿಯಂನಲ್ಲಿ ಒಂದು ದೋಣಿ ಇದೆ. ಸುಮಾರು 2000 ವರ್ಷ ಹಳೆಯದು, 8 ಮೀಟರಿಗಿಂತ ಸ್ವಲ್ಪ ಉದ್ದ. 1986ರಲ್ಲಿ ಬರದಿಂದ ನೀರು ಹಿಂದೆ ಸರಿದಾಗ ಇಬ್ಬರು ಅಣ್ಣತಮ್ಮಂದಿರ ಕಣ್ಣಿಗೆ ಕೆಸರಿನಲ್ಲಿ ಬಿತ್ತಂತೆ. ಮೈತುಂಬಾ ತೇಪೆ! ಹತ್ತಕ್ಕೂ ಜಾಸ್ತಿ ಜಾತಿಯ ಮರದ ತುಂಡುಗಳು ಅದರಲ್ಲಿವೆ. ಕೈಗೆ ಸಿಕ್ಕಿದ ಹಲಗೆ ಹಾಕಿ ಮತ್ತೆ ಮತ್ತೆ ನೀರಿಗೆ ಇಳಿಸಿದ್ದಾರೆ. ಯೇಸುಸ್ವಾಮಿ ಹತ್ತಿದ ದೋಣಿ ಇದೇ ಅನ್ನೋದಕ್ಕೆ ಆಧಾರವಿಲ್ಲ. ಆದರೂ ನನಗೆ ಅದರ ಮುಂದಿನಿಂದ ಕದಲಲು ಆಗಲಿಲ್ಲ.

"ಬರ ಬಂದಿದ್ದಕ್ಕೇ ಸಿಕ್ಕಿತು ನೋಡು," ಅಂದರು ಅಮ್ಮ.

ಅಲ್ಲಿಂದ ತಾಬ್ಗಾಕ್ಕೆ ಹೋದೆವು. ನೀರಿನ ಅಂಚಿಗೇ ಕರಿಕಲ್ಲಿನ ಪುಟ್ಟ ಚರ್ಚು, 1933ರಲ್ಲಿ ಕಟ್ಟಿದ್ದು. ಪಾಸ್ಟರ್ ಹೊರಗೆ ನಿಂತು ಯೋಹಾನನ ಸುವಾರ್ತೆಯ 21ನೇ ಅಧ್ಯಾಯ ಓದಿದರು. ಯೇಸುವಿನ ಶಿಷ್ಯ ಪೇತ್ರ ಮತ್ತು ಜೊತೆಯವರು ರಾತ್ರಿಯಿಡೀ ಬಲೆ ಬೀಸಿದ್ದಾರೆ, ಒಂದು ಮೀನೂ ಸಿಕ್ಕಿಲ್ಲ. ಬೆಳಗಾಗುವಾಗ, ಸಾವಿನಿಂದ ಎದ್ದುಬಂದ ಯೇಸುಸ್ವಾಮಿ ದಡದಲ್ಲಿದ್ದಾರೆ. ಕೆಂಡದ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ.

ಎಷ್ಟೋ ಸಲ ಕೇಳಿದ ಭಾಗ ಅದು. ಅವತ್ತು ಆ ಕೆಂಡ ನನ್ನನ್ನು ಹಿಡಿದು ನಿಲ್ಲಿಸಿತು. ಯೇಸುಸ್ವಾಮಿಯನ್ನು ಬಂಧಿಸಿದ ರಾತ್ರಿ ಪೇತ್ರ "ಅವರು ಯಾರೋ ನನಗೆ ಗೊತ್ತಿಲ್ಲ" ಅಂದಿದ್ದೂ ಕೆಂಡದ ಬೆಂಕಿಯ ಹತ್ತಿರ, ಚಳಿ ಕಾಯಿಸಿಕೊಳ್ಳುತ್ತಾ. ಬೇಕಾದ ಹೊತ್ತಲ್ಲಿ ಕೈಬಿಟ್ಟವನು ಅವನು. ಅಂಥವನಿಗೆ ಸ್ವಾಮಿ ಮೊದಲು ಊಟ ಬಡಿಸಿದರು. ಯಾಕೆ ಹಾಗೆ ಮಾಡಿದೆ ಅಂತ ಕೇಳಲೇ ಇಲ್ಲ. ನನ್ನನ್ನು ಪ್ರೀತಿಸುತ್ತೀಯಾ ಅಂತ ಕೇಳಿದರು, ಮೂರು ಸಲ.

ಮಲಗಿಬಿಟ್ಟ ನನ್ನ ಆ ರಾತ್ರಿ ನೆನಪಾಯಿತು. ಇಷ್ಟು ದಿನ ಬೈಗುಳಕ್ಕೇ ಕಾಯುತ್ತಿದ್ದೆ ಅಂತ ಆಗ ಗೊತ್ತಾಯಿತು.

ಚಪ್ಪಲಿ ಬಿಟ್ಟು ನೀರಿಗಿಳಿದೆ. ತಂಗಿಯ ಹೆಸರು ಹೇಳಿ ಪ್ರಾರ್ಥಿಸಿದೆ. ಎರಡೇ ಮಾತು, ಮುಂದೆ ಬರಲಿಲ್ಲ. ಅಮ್ಮ ಪಕ್ಕಕ್ಕೆ ಬಂದು ಕೈ ಹಿಡಿದುಕೊಂಡು, ಉಳಿದದ್ದನ್ನು ತಾವೇ ಮುಗಿಸಿದರು.