ಮೂರು ಮರಿ, ಒಂದು ಕ್ಯಾಲೆಂಡರ್

ಬೆಕ್ಕಿನ ಮರಿಗೆ ಹುಳದ ಮದ್ದು ಒಂದು ಸಲ ಕುಡಿಸಿದರೆ ಮುಗಿಯಿತು ಎಂದು ನಮ್ಮ ಕಡೆ ತುಂಬ ಜನ ನಂಬಿದ್ದಾರೆ. ಹಾಗಲ್ಲ. ಒಂದು ಸಲ ಕೊಟ್ಟು ಸುಮ್ಮನಾದರೆ ಕೊಟ್ಟದ್ದೂ ಅರ್ಧ ನೀರಿಗೆ ಹೋದ ಹಾಗೆ. ಈ ಮಳೆಗಾಲದಲ್ಲಿ ಮೂರು ಮರಿಗಳ ಲೆಕ್ಕ ಇಟ್ಟ ಮೇಲೆ ಇದನ್ನು ಕಂಡವರಿಗೆಲ್ಲ ಹೇಳುತ್ತಿದ್ದೇನೆ.

ಮಂಗಳೂರಿನ ಉರ್ವದಲ್ಲಿ ನಮ್ಮದು ಹಳೆಯ ಹಂಚಿನ ಮನೆ. ಹಿಂದೆ ಬಚ್ಚಲು, ಅದರ ಪಕ್ಕ ಸೌದೆ ಮತ್ತು ತೆಂಗಿನ ಸಿಪ್ಪೆ ಇಡುವ ಜಾಗ. ಓಣಿಯ ಹೆಣ್ಣು ಬೆಕ್ಕೊಂದು ಜೂನ್ ಕೊನೆಯಲ್ಲಿ ಅಲ್ಲಿಯೇ ಮರಿ ಹಾಕಿತು. ಅಮ್ಮ ದಿನಾ ಬೂತಾಯಿ ಮೀನಿನ ತಲೆ ಹಾಕುತ್ತಿದ್ದ ಬೆಕ್ಕು ಅದು, ನಂಬಿಕೆಯಿಂದ ಬಂದದ್ದು. ಒಂದು ಹಳದಿ, ಒಂದು ಕಪ್ಪು-ಬಿಳಿ, ಒಂದು ಬೂದಿ ಬಣ್ಣದ್ದು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಸಿಲಿಂಡರ್ ಹಾಕಿದ ದಿನ ಬರೆದಿಡುವ ಅಮ್ಮ, ಅದರ ಕೆಳಗೆ 'ಬೆಕ್ಕು ಮರಿ' ಎಂದೂ ಬರೆದರು. ಆಮೇಲೆ ನಮಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಆ ಎರಡು ಪದವೇ. ಹುಟ್ಟಿದ ದಿನ ಗೊತ್ತಿದ್ದರೆ ತಾನೇ ವಾರ ಎಣಿಸುವುದು?

ಪಶು ಆಸ್ಪತ್ರೆಯ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೂ ಅದೇ, ಮರಿ ಎಷ್ಟು ವಾರದ್ದು ಅಂತ. ನಾಯಿಮರಿಗೆ ದುಂಡು ಹುಳ ತಾಯಿಯ ಹೊಟ್ಟೆಯಲ್ಲಿರುವಾಗಲೇ ಬರುತ್ತದಂತೆ. ಬೆಕ್ಕಿನ ಮರಿಗೆ ಬರುವುದು ಹಾಲಿನಲ್ಲಿ. ತಾಯಿ ಬೆಕ್ಕಿನ ಮಾಂಸಖಂಡದಲ್ಲಿ ಹುಳದ ಮರಿಗಳು ಸುಮ್ಮನೆ ಮಲಗಿರುತ್ತವೆ, ಹಾಲೂಡುವ ಸಮಯಕ್ಕೆ ಎದ್ದು ಹಾಲಿಗೆ ಸೇರುತ್ತವೆ. ಹಾಗಾಗಿ ಮೂರನೇ ವಾರಕ್ಕೆ ಮೊದಲ ಮದ್ದು. ಬಳಿಕ ಎರಡು ವಾರಕ್ಕೊಮ್ಮೆ, ಹಾಲು ಬಿಟ್ಟು ಎರಡು ವಾರ ಆಗುವವರೆಗೆ. ಅಲ್ಲಿಂದ ಆರು ತಿಂಗಳು ತುಂಬುವ ತನಕ ತಿಂಗಳಿಗೊಮ್ಮೆ. ಆಮೇಲೆ ಮೂರು ತಿಂಗಳಿಗೊಮ್ಮೆ. ಮರಿಗಳ ಜೊತೆಗೆ ತಾಯಿಗೂ ಕೊಡಬೇಕು.

"ಇಷ್ಟು ಸಲ ಯಾಕೆ ಡಾಕ್ಟ್ರೇ?" ಎಂದು ಕೇಳಿದೆ. ಅವರು ಬೇಸರವಿಲ್ಲದೆ ಹೇಳಿದರು. ಮದ್ದು ಆ ಹೊತ್ತಿಗೆ ಕರುಳಿನಲ್ಲಿರುವ ಹುಳಕ್ಕೆ ಮಾತ್ರ ನಾಟುತ್ತದೆ. ಬೇರೆ ಕಡೆ ಇನ್ನೂ ಬೆಳೆಯುತ್ತಿರುವವು ಉಳಿದುಬಿಡುತ್ತವೆ, ಕೆಲವು ದಿನಗಳಲ್ಲಿ ದೊಡ್ಡದಾಗುತ್ತವೆ. ಅವು ಮೊಟ್ಟೆ ಇಡುವ ಮೊದಲೇ ಮುಂದಿನ ಮದ್ದು ಹೊಟ್ಟೆಗೆ ಹೋಗಬೇಕು. ನನಗೆ ಅಲ್ಲಿಗೆ ಅರ್ಥವಾಯಿತು. ಇಲ್ಲಿ ಮದ್ದಿನಷ್ಟೇ ಕೆಲಸ ದಿನಾಂಕವೂ ಮಾಡುತ್ತದೆ.

ಅಮ್ಮನಿಗೆ ಇದನ್ನು ಹೇಗಪ್ಪ ಒಪ್ಪಿಸುವುದು ಅಂದುಕೊಂಡಿದ್ದೆ. ಬೇಕಾಗಲೇ ಇಲ್ಲ. "ನಾವು ಆಟಿ ಅಮಾವಾಸ್ಯೆಗೆ ಪಾಲೆ ಕಷಾಯ ಕುಡಿಯುವುದಿಲ್ವಾ ಮಗಾ? ಅದನ್ನು ಬೇಕಾದ ದಿನ ಕುಡಿದರೆ ಆಗ್ತದಾ?" ಎಂದರು. ವರ್ಷಕ್ಕೊಮ್ಮೆ ಆ ದಿನ ಬೆಳಗಾಗುವ ಮೊದಲು ಪಾಲೆ ಮರದ ತೊಗಟೆ ತಂದು, ಅರೆದು, ಕಹಿ ಕಹಿ ಕಷಾಯವನ್ನು ಮನೆಯವರಿಗೆಲ್ಲ ಕುಡಿಸಿದ ಕೈ ಅವರದ್ದು. ದಿನಕ್ಕೆ ಬೆಲೆ ಇದೆ ಎಂದು ಅವರಿಗೆ ಯಾರೂ ಕಲಿಸಬೇಕಾಗಿಲ್ಲ.

ಸಲಹೆ ಕೊಡುವವರು ಬೇಕಾದಷ್ಟು ಜನ. ಬೆಳ್ಳುಳ್ಳಿ ರಸ ಕುಡಿಸಿ ಎಂದರು ಒಬ್ಬರು. ಬೆಳ್ಳುಳ್ಳಿ, ಈರುಳ್ಳಿ ಎರಡೂ ಬೆಕ್ಕಿಗೆ ವಿಷ, ರಕ್ತವನ್ನೇ ಕೆಡಿಸುತ್ತವೆ. ಮಕ್ಕಳಿಗೆ ಕೊಡುವ ಹುಳದ ಮಾತ್ರೆಯನ್ನೇ ಕಾಲು ಭಾಗ ಮಾಡಿ ಹಾಕಿ ಎಂದರು ಇನ್ನೊಬ್ಬರು. ಅದೂ ಬೇಡ. ನಾಲ್ಕು ನೂರು ಗ್ರಾಮಿನ ಜೀವಕ್ಕೆ ಕಣ್ಣಂದಾಜಿನ ಮದ್ದು ಯಾವ ಲೆಕ್ಕದಲ್ಲಿ ಕೊಡುವುದು? ನನಗೆ ಜಾಸ್ತಿ ಹೆದರಿಕೆ ಆದದ್ದು ಮಾತ್ರ 'ನಮ್ಮ ಮರಿಗೆ ಇಷ್ಟು ಎಂಎಲ್ ಕೊಟ್ಟೆವು, ನೀವೂ ಕೊಡಿ' ಎಂಬ ಮಾತಿಗೆ. ಒಂದೊಂದು ಕಂಪನಿಯ ಬಾಟಲಿಯಲ್ಲಿ ಮದ್ದಿನ ಸಾಂದ್ರತೆ ಒಂದೊಂದು ಥರ ಇರುತ್ತದೆ. ಮರಿಯ ತೂಕವೂ ಬೇರೆ. ಒಬ್ಬರ ಎಂಎಲ್ ಇನ್ನೊಬ್ಬರಿಗೆ ಹೊಂದುವುದಿಲ್ಲ.

ಆದ್ದರಿಂದ ಕ್ಯಾಲೆಂಡರಿನಲ್ಲಿ ನಾವು ಬರೆದದ್ದು ಬರೀ ತಾರೀಕು ಅಲ್ಲ. ಮರಿಯ ಬಣ್ಣ, ಆ ದಿನದ ತೂಕ, ಮದ್ದಿನ ಹೆಸರು, ಎಷ್ಟು ಎಂಎಲ್, ಕುಡಿಸಿದ್ದು ಯಾರು. ಚೌಕ ಸಾಲದೆ ಅಂಚಿನಲ್ಲೂ ಬರೆಯಬೇಕಾಯಿತು. ಮೊಬೈಲಿನಲ್ಲಿ ಅಲಾರಾಂ ಇಟ್ಟರೆ ಸಾಲದಾ ಎಂದು ತಮ್ಮ ಕೇಳಿದ. ಅಲಾರಾಂ ನನ್ನೊಬ್ಬಳಿಗೆ ಕೇಳಿಸುತ್ತದೆ. ನಾನು ಆಫೀಸಿನಲ್ಲಿದ್ದರೆ? ಅಮ್ಮ ಕುಡಿಸಿದ್ದು ಗೊತ್ತಿಲ್ಲದೆ ತಮ್ಮ ಮತ್ತೆ ಕುಡಿಸಿದರೆ? ಗೋಡೆಯ ಮೇಲಿದ್ದರೆ ಚಹಾ ಮಾಡಲು ಬಂದವರಿಗೆಲ್ಲ ಕಾಣುತ್ತದೆ.

ತುಳುವರ ಸೋಣ ತಿಂಗಳು ಶುರುವಾಗುವ ಹೊತ್ತಿನ, ಅಂದರೆ ಆಗಸ್ಟ್ ಮಧ್ಯದ ಒಂದು ಭಾನುವಾರ ಇದರ ಉಪಯೋಗ ಚೆನ್ನಾಗಿ ತಿಳಿಯಿತು. ಮರಿಗಳಿಗೆ ಏಳು ವಾರ. ಹೊರಗೆ ಬಿಡದೆ ಮಳೆ. ಅಡುಗೆಯ ತಕ್ಕಡಿಯ ಮೇಲೆ ಪ್ಲಾಸ್ಟಿಕ್ ಬುಟ್ಟಿ ಇಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಒಂದೊಂದೇ ಮರಿಯನ್ನು ಕೂರಿಸಿದೆವು. ಹಳದಿ 690 ಗ್ರಾಂ. ಕಪ್ಪು-ಬಿಳಿ 650. ಬೂದಿ ಮಾತ್ರ 510. ಅದಕ್ಕೆ ಮೊದಲಿನಿಂದಲೂ ಬೆನ್ನುಮೂಳೆ ಕೈಗೆ ಸಿಗುತ್ತಿತ್ತು, ಹೊಟ್ಟೆ ಮಾತ್ರ ಉಬ್ಬಿಕೊಂಡೇ ಇತ್ತು. ಹುಳ ಜಾಸ್ತಿ ಇರುವ ಮರಿಯ ಲಕ್ಷಣ ಅದು. ತೂಕ ನೋಡದೆ ಮೂರಕ್ಕೂ ಒಂದೇ ಅಳತೆ ಕೊಟ್ಟಿದ್ದರೆ ಯಾವುದೋ ಒಂದಕ್ಕೆ ಕಡಿಮೆ, ಇಲ್ಲವೇ ಒಂದಕ್ಕೆ ಹೆಚ್ಚಾಗುತ್ತಿತ್ತು.

ಡಾಕ್ಟರು ಬರೆದುಕೊಟ್ಟದ್ದು ಪೈರಾಂಟೆಲ್ ಸಿರಪ್. ಬಾಟಲಿಯನ್ನು ಚೆನ್ನಾಗಿ ಕುಲುಕಬೇಕು, ಮದ್ದು ಅಡಿಯಲ್ಲಿ ಕೂತಿರುತ್ತದೆ. ಸೂಜಿ ಇಲ್ಲದ ಸಿರಿಂಜಿನಲ್ಲಿ ಎಳೆದು, ಮರಿಯನ್ನು ಟವಲಿನಲ್ಲಿ ಸುತ್ತಿ, ಬಾಯಿಯ ಬದಿಯಿಂದ ಹನಿ ಹನಿಯಾಗಿ ಬಿಡುವುದು. ನೇರ ಗಂಟಲಿಗೆ ಹಾರಿಸಿದರೆ ಶ್ವಾಸಕ್ಕೆ ಹೋಗಬಹುದು. ಎರಡು ಮರಿಗಳದ್ದು ಸಲೀಸಾಗಿ ಮುಗಿಯಿತು. ಬೂದಿ ನುಂಗಿತು, ತಲೆ ಒದರಿತು, ಆಮೇಲೆ ಬಾಯಿ ತುಂಬ ಬಿಳಿ ನೊರೆ! ಗಲ್ಲದಿಂದ ಎದೆಯವರೆಗೆ ಇಳಿಯಿತು. ಅಮ್ಮ ಬೆಚ್ಚಿ ಒಲೆ ಆರಿಸಿ ಓಡಿಬಂದರು. ತಮ್ಮ "ಎಲ್ಲಾ ಕಕ್ಕಿತು, ಇನ್ನೊಂದು ಸಲ ಕೊಡುವ" ಎಂದು ಸಿರಿಂಜ್ ಎತ್ತಿಕೊಂಡ. ನಾನು ಅವನ ಕೈ ಹಿಡಿದು ಡಾಕ್ಟರಿಗೆ ಫೋನ್ ಮಾಡಿದೆ.

ಅವರು ಸಾಲಾಗಿ ಕೇಳಿದರು. ಎಷ್ಟು ತೂಕ? ಯಾವ ಮದ್ದು, ಎಷ್ಟು ಎಂಎಲ್? ಹಿಂದಿನದ್ದು ಯಾವತ್ತು? ಬಂದದ್ದು ವಾಂತಿಯಾ, ಬರೀ ನೊರೆಯಾ? ನೊರೆಗೆ ಮದ್ದಿನ ಬಣ್ಣ ಇದೆಯಾ? ಕ್ಯಾಲೆಂಡರಿನ ಎದುರು ನಿಂತು ಅಮ್ಮ ಒಂದೊಂದೇ ಓದಿ ಹೇಳಿದರು, ನಾನು ಟವಲನ್ನು ಬೆಳಕಿಗೆ ಹಿಡಿದು ನೋಡಿದೆ. ತುಟಿಯ ಹತ್ತಿರ ತುಸು ಹಳದಿ ಕಲೆ, ಉಳಿದದ್ದೆಲ್ಲ ಬಿಳಿ. "ರುಚಿ ಹಿಡಿಸಲಿಲ್ಲ ಅಷ್ಟೇ ಅಮ್ಮ. ಬೆಕ್ಕುಗಳು ಹಾಗೇ ನೊರೆ ಬಿಡ್ತವೆ. ಮದ್ದು ಒಳಗೆ ಹೋಗಿದೆ, ಮತ್ತೆ ಕೊಡಬೇಡಿ" ಎಂದರು. ಮನೆಯವರೆಲ್ಲ ಒಂದೇ ಸಲ ಉಸಿರು ಬಿಟ್ಟೆವು.

ಮರುದಿನ ಬೆಳಗ್ಗೆ ಬೂದಿ ಮರಿಯ ಹೇಲಿನಲ್ಲಿ ಬೆರಳುದ್ದದ ಬಿಳಿ ಹುಳಗಳು, ಬೆಂದ ಶ್ಯಾವಿಗೆಯ ಎಳೆಗಳಂತೆ ಸುರುಳಿ ಸುತ್ತಿಕೊಂಡಿದ್ದವು. ಒಂದೆರಡು ಇನ್ನೂ ಮಿಸುಕಾಡುತ್ತಿದ್ದವು. ಈ ಮದ್ದು ಹುಳಕ್ಕೆ ಪಾರ್ಶ್ವವಾಯು ಬರಿಸುತ್ತದೆ, ಕರುಳಿನ ಹಿಡಿತ ತಪ್ಪಿ ಹುಳ ಹೊರಗೆ ಬೀಳುತ್ತದೆ. ನೋಡಲು ಹೇಸಿಗೆಯಾದರೂ ನನಗೆ ಅವತ್ತು ಖುಷಿಯೇ ಆಯಿತು. ಅಷ್ಟು ಸಣ್ಣ ಹೊಟ್ಟೆಯಲ್ಲಿ ಅಷ್ಟೊಂದು! ಪಾಪ, ತಿಂದದ್ದು ಯಾರಿಗೆ ಸೇರುತ್ತಿತ್ತೋ.

ಪಕ್ಕದ ಮನೆಯ ಬಾಯಮ್ಮನ ಮೊಮ್ಮಗಳು ದಿನಾ ಮರಿಗಳ ಜೊತೆ ಆಡಲು ಬರುತ್ತಾಳೆ, ಹಾಗಾಗಿ ಈ ವಿಷಯ ಅವರಿಗೂ ತಿಳಿಸಿದೆ. ಬೆಕ್ಕಿನ ದುಂಡು ಹುಳದ ಮೊಟ್ಟೆ ಮನುಷ್ಯರ ಹೊಟ್ಟೆಗೆ ಹೋದರೆ ಮರಿಹುಳ ಮೈಯೊಳಗೆ ಅಲೆಯುತ್ತದೆ, ಕಣ್ಣಿಗೂ ಹೋಗಬಹುದು. ಮಣ್ಣಿನಲ್ಲಿ ಕೈಯಾಡಿಸಿ ಬಾಯಿಗೆ ಹಾಕುವ ಮಕ್ಕಳಿಗೇ ಅಪಾಯ ಜಾಸ್ತಿ. ಸಮಾಧಾನದ ಸಂಗತಿ ಏನೆಂದರೆ, ಆಗಷ್ಟೇ ಬಿದ್ದ ಮೊಟ್ಟೆಯಿಂದ ಹುಳ ಅಂಟುವುದಿಲ್ಲ. ಅದು ಹದಕ್ಕೆ ಬರಲು ಕೆಲವು ವಾರ ಬೇಕು. ದಿನಾ ಹೇಲು ತೆಗೆದರೆ ಆ ಅವಕಾಶವೇ ಸಿಗುವುದಿಲ್ಲ. ನಾವು ಅಗಲದ ಟ್ರೇಯಲ್ಲಿ ಹೊಯ್ಗೆ (ಮರಳು) ಹಾಕಿ ಇಟ್ಟೆವು, ಬೆಳಗ್ಗೆ ಸಂಜೆ ತೆಗೆದು ಹಾಕಿದೆವು. ಬಾಯಮ್ಮ ಮೊಮ್ಮಗಳಿಗೆ ಸೋಪು ಹಾಕಿ ಕೈ ತೊಳೆಯುವ ಅಭ್ಯಾಸ ಮಾಡಿಸಿದರು. ಆಟ ನಿಲ್ಲಿಸಲಿಲ್ಲ, ಅದು ನನಗೆ ಇಷ್ಟವಾಯಿತು.

ಚಿಗಟದ ಮೇಲೂ ಒಂದು ಕಣ್ಣಿರಬೇಕು. ಮೈ ನೆಕ್ಕುವಾಗ ಚಿಗಟ ನುಂಗಿದರೆ ಲಾಡಿ ಹುಳ ಬರುತ್ತದೆ, ಬಾಲದ ಬುಡದಲ್ಲಿ ಸಣ್ಣ ಬಿಳಿ ತುಣುಕು ಒಣಗಿ ಅಂಟಿಕೊಂಡಿರುತ್ತದೆ. ಅದಕ್ಕೆ ಪೈರಾಂಟೆಲ್ ನಾಟುವುದಿಲ್ಲ, ಪ್ರಾಜಿಕ್ವಾಂಟೆಲ್ ಬೇಕು. ನಾಯಿಗೆ ಹಾಕುವ ಪರ್ಮೆಥ್ರಿನ್ ಇರುವ ಚಿಗಟದ ಮದ್ದನ್ನಂತೂ ಬೆಕ್ಕಿನ ಹತ್ತಿರವೂ ತರಬೇಡಿ, ಜೀವಕ್ಕೇ ಅಪಾಯ.

ಒಂಬತ್ತನೇ ವಾರದ ಮದ್ದು ಮುಗಿದ ಮೇಲೆ ಹಳದಿ ಮರಿ ಉಡುಪಿಯಲ್ಲಿರುವ ಚಿಕ್ಕಮ್ಮನ ಮಗಳ ಮನೆಗೆ ಹೋಯಿತು, ಕಪ್ಪು-ಬಿಳಿ ಬಾಯಮ್ಮನ ಮನೆಗೆ. ಮರಿಯ ಜೊತೆ ಒಂದು ಚೀಟಿಯನ್ನೂ ಕೊಟ್ಟೆ. ಹುಟ್ಟಿದ ದಿನ, ಈವರೆಗಿನ ತೂಕಗಳು, ಯಾವ ಮದ್ದು ಯಾವತ್ತು, ಮುಂದಿನದ್ದು ಯಾವತ್ತು, ಲಸಿಕೆ ಯಾವಾಗ, ಮೂರು ತಿಂಗಳಿಗೆ ರೇಬೀಸ್. ಮರಿ ಕೊಡುವವರು ಎಲ್ಲರೂ ಇಂಥದೊಂದು ಚೀಟಿ ಕೊಟ್ಟರೆ ಎಷ್ಟು ಒಳ್ಳೆಯದು! ಇಲ್ಲದಿದ್ದರೆ ಹೊಸ ಮನೆಯವರು ಮತ್ತೆ ಒಂದರಿಂದ ಊಹಿಸಬೇಕು.

ಸೆಪ್ಟೆಂಬರಿನಲ್ಲಿ, ಉಡುಪಿಯ ಕೃಷ್ಣಾಷ್ಟಮಿಯ ಹೊತ್ತಿಗೆ, ಆ ತಂಗಿಯ ಫೋನ್ ಬಂತು. "ಅಕ್ಕಾ, ಚೀಟಿಯಲ್ಲಿ ಬರೆದ ದಿನವೇ ಇಲ್ಲಿ ವಿಟ್ಲಪಿಂಡಿ. ನಮ್ಮ ಮನೆ ರಥಬೀದಿಯ ಹತ್ತಿರ ಅಲ್ವಾ, ಹುಲಿವೇಷ, ತಾಸೆಯ ಸದ್ದು, ಜನ. ಮರಿ ಮಂಚದ ಅಡಿಯಿಂದ ಹೊರಗೇ ಬರಲಿಕ್ಕಿಲ್ಲ. ಏನು ಮಾಡುವುದು?" ಡಾಕ್ಟರನ್ನು ಕೇಳಿ ಹೇಳಿದೆ. ಒಂದೆರಡು ದಿನ ಹಿಂದೆ ಮುಂದೆ ಆದರೆ ತೊಂದರೆ ಇಲ್ಲ, ವಾರಗಟ್ಟಲೆ ಮುಂದೂಡಬಾರದು ಅಷ್ಟೇ. ಅವಳು ಹಿಂದಿನ ದಿನವೇ ತೂಕ ನೋಡಿ, ಮದ್ದು ಕುಡಿಸಿ, ಚೀಟಿಯಲ್ಲಿ ತಾರೀಕು ತಿದ್ದಿ ಫೋಟೋ ಕಳಿಸಿದಳು. 1 ಕಿಲೋ 40 ಗ್ರಾಂ. ಅಮ್ಮ ಫೋಟೋ ನೋಡಿ ಮೊದಲು ಕೇಳಿದ್ದು, "ಬೂದಿಗೆ ನಾಳೆ ಅಲ್ವಾ? ತಕ್ಕಡಿ ಎಲ್ಲಿಟ್ಟಿದ್ದೀ?"