ಸಮ್ಮೇಳನದಿಂದ ಲೈವ್ ಪುಟ: ಬಾಟ್ ಕೆಲಸ ಎಲ್ಲಿಗೆ ಬಂತು

ಹೊರಡುವ ಮುಂಚೆ

ತಂಡದ ಕೆಲವರು ಸಮ್ಮೇಳನಕ್ಕೆ ಹೊರಟಿದ್ದಾರೆ, ಉಳಿದವರು ಇಲ್ಲೇ. ಅಲ್ಲಿ ಕಂಡದ್ದು ಕೇಳಿದ್ದು ಇಲ್ಲಿನವರಿಗೂ ಹೊರಗಿನ ಆಸಕ್ತರಿಗೂ ಆಗಿಂದಾಗಲೇ ಒಂದು ಪುಟದಲ್ಲಿ ಸಿಗಬೇಕು, ಇಷ್ಟೇ ಪ್ರಾಜೆಕ್ಟ್. ಹೊಸ ಆ್ಯಪ್ ಮಾಡುವ ಮಾತಿಲ್ಲ. ಒಂದು ಗೋಷ್ಠಿಯಿಂದ ಇನ್ನೊಂದಕ್ಕೆ ಓಡುವವರು ಮತ್ತೊಂದು ಲಾಗಿನ್ನಿನ ಗೊಡವೆಗೆ ಹೋಗುವುದಿಲ್ಲ. ಎಲ್ಲರೂ ಈಗಾಗಲೇ ಇರುವ ಟೆಲಿಗ್ರಾಂ ಗ್ರೂಪಿಗೆ ಬಾಟ್ (ಮೆಸೇಜನ್ನು ತಾನಾಗಿ ಓದಿ ಬರೆಯುವ ಪ್ರೋಗ್ರಾಂ) ಒಂದನ್ನು ಸೇರಿಸುವುದು, ಅದು ಹೆಕ್ಕಿದ್ದು ಪುಟಕ್ಕೆ ಹೋಗುವುದು.

ಏನನ್ನು ಹೆಕ್ಕಬೇಕು ಎಂಬಲ್ಲೇ ಹೆಚ್ಚು ಚರ್ಚೆಯಾಯಿತು. ಬಾಟ್ ಎಲ್ಲ ಮೆಸೇಜನ್ನೂ ಓದಲಿ, ಹ್ಯಾಶ್‌ಟ್ಯಾಗ್ ಇದ್ದದ್ದನ್ನು ಮಾತ್ರ ಪ್ರಕಟಿಸಲಿ ಎಂಬ ಸಲಹೆ ಬಂತು. ನಾನು ಒಪ್ಪಲಿಲ್ಲ. ಅದೇ ಗ್ರೂಪಿನಲ್ಲಿ ಭಾಷಣ ಬೋರಾಯಿತೆಂಬ ಗೊಣಗಾಟ ಇರುತ್ತದೆ, ಯಾರು ಯಾವ ರೂಮಿನಲ್ಲಿದ್ದಾರೆ ಎಂಬುದೂ ಇರುತ್ತದೆ. ಟೆಲಿಗ್ರಾಂ ಬಾಟ್‌ಗಳಿಗೆ ಪ್ರೈವಸಿ ಮೋಡ್ ಎಂಬುದೊಂದಿದೆ, ಮೊದಲಿನಿಂದಲೇ ಆನ್ ಇರುತ್ತದೆ. ಆಗ ಗ್ರೂಪಿನಲ್ಲಿ ಬಾಟ್‌ಗೆ ಕಾಣುವುದು ಮುಖ್ಯವಾಗಿ ತನಗೆ ಕೊಟ್ಟ ಕಮಾಂಡ್‌ಗಳು ಮತ್ತು ತನ್ನ ಮೆಸೇಜಿಗೆ ಬಂದ ರಿಪ್ಲೈಗಳು. ಬಾಟ್ ಬರೆಯುವವರಲ್ಲಿ ಅನೇಕರು ಬಾಟ್‌ಫಾದರ್ (ಬಾಟ್‌ಗಳ ಸೆಟ್ಟಿಂಗ್ ಬದಲಿಸಲು ಟೆಲಿಗ್ರಾಂನದೇ ಬಾಟ್) ಬಳಿ ಹೋಗಿ ಮೊದಲು ಆಫ್ ಮಾಡುವುದೇ ಇದನ್ನು. ನಾವು ಹಾಗೇ ಬಿಟ್ಟೆವು.

ಈಗಿನ ವ್ಯವಸ್ಥೆ ಹೀಗಿದೆ: ಬೆಳಿಗ್ಗೆ ಬಾಟ್ ‘ಇಂದಿನ ಸುದ್ದಿ’ ಎಂದು ಒಂದು ಮೆಸೇಜ್ ಹಾಕುತ್ತದೆ. ಅದಕ್ಕೆ ರಿಪ್ಲೈ ಮಾಡಿದ್ದು ಪುಟಕ್ಕೆ ಹೋಗುತ್ತದೆ, ಉಳಿದ ಹರಟೆ ಗ್ರೂಪಿನಲ್ಲೇ ಉಳಿಯುತ್ತದೆ. ಆ ಮೆಸೇಜನ್ನು ಪಿನ್ ಮಾಡುವುದು ಮಾತ್ರ ಮನುಷ್ಯರ ಪಾಲಿಗೆ. ಅನುಕೂಲಕ್ಕೆಂದು ಬಾಟನ್ನು ಅಡ್ಮಿನ್ ಮಾಡಿದರೆ ಪ್ರೈವಸಿ ಮೋಡ್ ಇದ್ದರೂ ಎಲ್ಲ ಮೆಸೇಜೂ ಅದಕ್ಕೆ ಕಾಣತೊಡಗುತ್ತದೆ, ಕಟ್ಟಿದ ಬೇಲಿಯನ್ನು ನಾವೇ ಕಿತ್ತಂತೆ.

ಪ್ರಕಟಣೆಗೆ ಹತ್ತು ನಿಮಿಷದ ತಡೆ ಇಟ್ಟಿದ್ದೇನೆ. ‘ಲೈವ್ ಅಂದಮೇಲೆ ತಡೆ ಯಾಕೆ?’ ಎಂದು ಕೇಳಿದವರಿದ್ದಾರೆ. ದೂರದಲ್ಲಿ ಓದುವವರಿಗೆ ಹತ್ತು ನಿಮಿಷ ಗೊತ್ತೇ ಆಗುವುದಿಲ್ಲ. ಆದರೆ ‘ಈಗ ಇಂಥ ಕಡೆ ಕೂತಿದ್ದೇವೆ’ ಎಂದು ಬರೆದವರು ಅಷ್ಟರಲ್ಲಿ ಅಲ್ಲಿಂದ ಎದ್ದಿರುತ್ತಾರೆ, ಆ ವ್ಯತ್ಯಾಸ ದೊಡ್ಡದು. ಆ ನಡುವೆ ತಿದ್ದಿದರೆ ತಿದ್ದಿದ ಪಾಠವೇ ಪ್ರಕಟವಾಗುತ್ತದೆ, ಏಕೆಂದರೆ ಎಡಿಟ್ ಮಾಡಿದ ಸುದ್ದಿ ಬಾಟ್‌ಗೆ ಬರುತ್ತದೆ. ಡಿಲೀಟ್ ಮಾಡಿದ ಸುದ್ದಿ ಬರುವುದಿಲ್ಲ. ಹಾಗಾಗಿ ಪ್ರತಿ ಪೋಸ್ಟಿಗೂ ಬಾಟ್ ‘ಸಿಕ್ಕಿತು’ ಎನ್ನುತ್ತದೆ, ಅದಕ್ಕೆ ‘ತೆಗೆ’ ಎಂದು ರಿಪ್ಲೈ ಕೊಟ್ಟರೆ ಪೋಸ್ಟ್ ಹೋಗುತ್ತದೆ. ಬೇಕೆಂದರೆ ಪ್ರಕಟವಾದ ಮೇಲೂ.

ಬಾಟನ್ನು ನಡೆಸುವ ಸರ್ವರಿನ ಸ್ಕ್ರಿಪ್ಟ್ ನಿಂತರೆ ಗತಿಯೇನು ಎಂದು ಸಂಜೆ ನಿಲ್ಲಿಸಿ ಬೆಳಿಗ್ಗೆ ಶುರು ಮಾಡಿ ನೋಡಿದೆ. ಎಲ್ಲ ಮೆಸೇಜೂ ಸಾಲಾಗಿ ಬಂದವು. ಬಾಟ್ ಕೇಳುವವರೆಗೆ ಟೆಲಿಗ್ರಾಂ ಅವನ್ನು 24 ಗಂಟೆ ಇಟ್ಟುಕೊಳ್ಳುತ್ತದೆ, ಅದು ಸಾಕು.

ಮೊದಲ ದಿನ

ಬರಹ ಸಲೀಸು. ತಲೆನೋವು ಫೋಟೋಗಳದ್ದು. ನಾಲ್ಕು ಫೋಟೋ ಒಟ್ಟಿಗೆ ಕಳಿಸಿದರೆ ಗ್ರೂಪಿನಲ್ಲಿ ಒಂದೇ ಆಲ್ಬಂ ಆಗಿ ಕಾಣುತ್ತದೆ, ಬಾಟ್‌ಗೆ ಮಾತ್ರ ನಾಲ್ಕು ಬೇರೆ ಬೇರೆ ಮೆಸೇಜ್. ಕ್ಯಾಪ್ಷನ್ ಸಾಮಾನ್ಯವಾಗಿ ಮೊದಲನೆಯದಕ್ಕಷ್ಟೇ ಇರುತ್ತದೆ, ಉಳಿದವನ್ನು ಒಂದೇ ಗುಂಪೆಂದು ಗುರುತಿಸಲು ನಾಲ್ಕಕ್ಕೂ ಒಂದೇ ಐಡಿ. ಕೊನೆಯದು ಯಾವುದೆಂದು ಯಾರೂ ಹೇಳುವುದಿಲ್ಲ. ಆದ್ದರಿಂದ ಒಂದು ಬಂದ ಮೇಲೆ ಕೆಲವು ಸೆಕೆಂಡ್ ಕಾದು, ಅದೇ ಐಡಿಯವನ್ನು ಕೂಡಿಹಾಕುವ ಕೋಡ್ ಬರೆದೆ. ಹತ್ತು ನಿಮಿಷದ ತಡೆ ಹೇಗೂ ಇರುವುದರಿಂದ ಈ ಕಾಯುವಿಕೆ ಪುಕ್ಕಟೆ.

ಇನ್ನೊಂದು ಸಮಸ್ಯೆ ಸಮಯದ್ದು. ಸಭಾಂಗಣದ ವೈಫೈ ನಂಬುವ ಹಾಗಿಲ್ಲ. 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಸಾಮಾನ್ಯವಾಗಿ 1, 6, 11 ಈ ಮೂರೇ, ಹಾಲ್ ತುಂಬ ಮಂದಿ ಅವನ್ನೇ ಹಂಚಿಕೊಳ್ಳುತ್ತಾರೆ. ಬೆಳಗಿನ ಭಾಷಣದ ಫೋಟೋ ಊಟದ ಹೊತ್ತಿಗೆ ಅಪ್‌ಲೋಡ್ ಆದರೆ ಪುಟದಲ್ಲಿ ಊಟದ ಕೆಳಗೇ ಕೂರುತ್ತದೆ. ಕ್ಯಾಮೆರಾ ಫೋಟೋದೊಳಗೇ ಬರೆದಿಡುವ ಮಾಹಿತಿ, ಅಂದರೆ ಎಕ್ಸಿಫ್, ಅದರಲ್ಲಿನ ಸಮಯ ನೋಡಬಹುದಲ್ಲ? ಮಾಮೂಲಿ ಫೋಟೋ ಆಗಿ ಕಳಿಸಿದರೆ ಟೆಲಿಗ್ರಾಂ ಅದನ್ನು ಕುಗ್ಗಿಸುವಾಗ ಎಕ್ಸಿಫ್ ಉದುರಿಹೋಗುತ್ತದೆ. ಫೈಲ್ ಆಗಿ ಕಳಿಸಿದರೆ ಉಳಿಯುತ್ತದೆ, ಜೊತೆಗೆ ಜಿಪಿಎಸ್ ಬಿಂದುವೂ ಉಳಿಯುತ್ತದೆ! ಮೇಲಾಗಿ ಎಕ್ಸಿಫ್‌ನಲ್ಲಿ ಟೈಮ್‌ಝೋನ್ ಬರೆಯಲು ಜಾಗ ಬಂದದ್ದೇ 2016ರ 2.31ನೇ ಆವೃತ್ತಿಯಲ್ಲಿ. ಪ್ರಯಾಣದಲ್ಲಿ ಗಡಿಯಾರ ಬದಲಿಸದ ಕ್ಯಾಮೆರಾವನ್ನು ಯಾವ ಧೈರ್ಯದಲ್ಲಿ ನಂಬುವುದು?

ಹಾಗಾಗಿ ಫೈಲ್ ಬೇಡ, ಫೋಟೋವೇ ಸಾಕು ಎಂದೆ. ಸಮಯ ಮುಖ್ಯವಾದಾಗ ಕ್ಯಾಪ್ಷನ್ನಿನ ಮೊದಲಲ್ಲಿ 10:40 ಎಂದು ಬರೆದರಾಯಿತು, ಬಾಟ್ ಅದನ್ನು ಸಮ್ಮೇಳನದ ಸ್ಥಳೀಯ ಸಮಯ ಎಂದು ತಿಳಿಯುತ್ತದೆ. ಒಬ್ಬರು ೧೦:೪೦ ಎಂದು ಕನ್ನಡ ಅಂಕಿಯಲ್ಲಿ ಹಾಕಿದರು, ಅದೂ ನಡೆಯಿತು. ಬಾಟ್ ಬರೆದ ಪೈಥಾನ್ ಭಾಷೆಗೆ ಕನ್ನಡ ಅಂಕಿಗಳೂ ಅಂಕಿಗಳೇ, ನಾನು ಒಂದು ಸಾಲೂ ಸೇರಿಸಬೇಕಾಗಲಿಲ್ಲ. ಖುಷಿಯಾಯಿತು.

ಎರಡನೇ ದಿನ

ಕೋಡ್ ಮುಟ್ಟಲಿಲ್ಲ, ನಿಯಮ ಸೇರಿತು. ‘ನನ್ನ ಫೋಟೋ ಬೇಡ’ ಎಂದು ಸೂಚಿಸುವ ಬಣ್ಣದ ಲೇಸು ಕೊರಳಲ್ಲಿದ್ದವರು ಹಿನ್ನೆಲೆಯಲ್ಲಿ ಬಂದರೂ ಆ ಫೋಟೋ ಹೋಗಬಾರದು. ಇನ್ನೂ ಪ್ರಕಟವಾಗದ ಫಲಿತಾಂಶದ ಸ್ಲೈಡ್ ಹಾಕುವ ಮೊದಲು ಮಾತಾಡಿದವರನ್ನೇ ಕೇಳಬೇಕು. ಅಪ್ರಕಟಿತ ಸಂಶೋಧನೆಯ ಚರ್ಚೆಗೆಂದೇ ನಡೆಯುವ ಗಾರ್ಡನ್ ರಿಸರ್ಚ್ ಕಾನ್ಫರೆನ್ಸ್‌ನಂಥ ಕಡೆ ಈ ಪ್ರಶ್ನೆಯೇ ಏಳುವುದಿಲ್ಲ. ಅಲ್ಲಿ ಭಾಷಣದ ಫೋಟೋ, ರೆಕಾರ್ಡಿಂಗ್ ಎರಡೂ ನಿಷಿದ್ಧ. ಇಂಥ ಪುಟಕ್ಕೆ ಅಲ್ಲಿ ಕೆಲಸವಿಲ್ಲ.

ಜನ ಹೆಚ್ಚು ಓದಿದ್ದು ಸ್ಲೈಡ್‌ಗಳನ್ನಲ್ಲ ಎಂದು ನನ್ನ ಅಂದಾಜು. ಇಲ್ಲಿಂದ ಪ್ರಶ್ನೆ ಬಂದದ್ದೆಲ್ಲ ಪ್ರಶ್ನೋತ್ತರದ ಟಿಪ್ಪಣಿಗಳ ಮೇಲೆ: ಯಾರೋ ಕೇಳಿದ ತಗಾದೆಯ ಪ್ರಶ್ನೆ, ಅದಕ್ಕೆ ಸಿಕ್ಕ ಅರೆಬರೆ ಉತ್ತರ. ಸ್ಲೈಡ್ ಆಮೇಲೆ ಹೇಗೂ ಸಿಗುತ್ತದೆ, ಇದು ಸಿಗುವುದಿಲ್ಲ. ನಾಳೆಯಿಂದ ಫೋಟೋ ಕಡಿಮೆ ಮಾಡಿ ಇದನ್ನೇ ಹೆಚ್ಚು ಬರೆಯಿರಿ ಎಂದು ಕೇಳಿಕೊಂಡಿದ್ದೇನೆ.

ಬಾಕಿ ಇರುವುದು

ಫೋಟೋಗಳಿಗೆ ಆಲ್ಟ್ ಪಠ್ಯ (ಚಿತ್ರ ಕಾಣದವರಿಗೆ ಅದರಲ್ಲಿ ಏನಿದೆ ಎಂದು ಹೇಳುವ ಬರಹ) ಇನ್ನೂ ಇಲ್ಲ, ಸದ್ಯ ಕ್ಯಾಪ್ಷನ್ನೇ ಹೋಗುತ್ತಿದೆ. ‘ವಾಹ್!’ ಎಂಬ ಕ್ಯಾಪ್ಷನ್ ಸ್ಕ್ರೀನ್ ರೀಡರ್ ಬಳಸುವವರಿಗೆ ಏನನ್ನೂ ತಿಳಿಸುವುದಿಲ್ಲ. ಪುಟದಲ್ಲಿ ಸಮ್ಮೇಳನದ ಸಮಯದ ಪಕ್ಕ ಓದುಗರ ಸಮಯವೂ ಬರಬೇಕು. ಎಲ್ಲರೂ ಮರಳಿದ ಮೇಲೆ ಬಾಟ್‌ನ ಟೋಕನ್ (ಅದನ್ನು ನಡೆಸುವ ಗುಟ್ಟಿನ ಕೀಲಿ) ರದ್ದು ಮಾಡಿ, ಪುಟವನ್ನು ಸಾದಾ ಎಚ್‌ಟಿಎಂಎಲ್ ಆಗಿ ಉಳಿಸಬೇಕು. ಆಲ್ಟ್ ಪಠ್ಯದ ಕೆಲಸ ಇಂದು ರಾತ್ರಿಯೇ ಶುರು.